ಶ್ರಾವಣ ಸೋಮವಾರದ ಸಂಶೋಧನೆ

ನಮ್ಮ ಕಡೆ ಶ್ರಾವಣ ಬಂತೆಂದರೆ ಕುಡುಕರೆಲ್ಲ ಒಮ್ಮೆಲೇ ಸಂಭಾವಿತರಾಗುತ್ತಾರೆ. ಮೊಟ್ಟೆ ಅಂಗಡಿಯವನು ತೂಕಡಿಸುತ್ತಾನೆ, ವೈನ್ ಶಾಪಿನವನು ಮೊಬೈಲ್ ನೋಡುತ್ತ ಕೂರುತ್ತಾನೆ, ಹೋದ ವಾರ ಗಟಾರದ ಪಕ್ಕ ಮಲಗಿದ್ದವನು ಹಣೆ ತುಂಬ ವಿಭೂತಿ ಬಳಿದುಕೊಂಡು ನಮಗೇ ಬುದ್ಧಿ ಹೇಳುತ್ತಾನೆ. ಇದಕ್ಕೆ ಔಷಧ ಬೇಡ, ಡಾಕ್ಟರೂ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ತಿಂಗಳು ಮುಗಿದ ಮರುದಿನ ಅದೇ ಕ್ಯಾಲೆಂಡರ್ ಅವನನ್ನು ಬಿಡುಗಡೆಯೂ ಮಾಡುತ್ತದೆ. ದಾವಣಗೆರೆಯಲ್ಲಿ ಇದು ಹಾಲು ಹಾಕುವವನಿಗೂ ಗೊತ್ತು. ಗೊತ್ತಿಲ್ಲದವರು ಅಂತ ನಾನು ಕಂಡಿದ್ದು ಒಬ್ಬರನ್ನೇ. ದೇವರಾಜ ಅರಸು ಬಡಾವಣೆಯ ಒಂದು ವ್ಯಸನಮುಕ್ತಿ ಕೇಂದ್ರದ ಸಂಚಾಲಕರು. ಅವರು ಸಂಶೋಧನೆ ಮಾಡಿದ್ದರು.

ನಾನು ಅಲ್ಲಿಗೆ ಹೋದದ್ದು ಸೋದರಮಾವನ ಸಲುವಾಗಿ. ಮಾವ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು. ಕಬ್ಬಿಣವನ್ನು ಕೂದಲೆಳೆಯಷ್ಟು ತೆಳ್ಳಗೆ ಕೆತ್ತುವ ಕೈ ಅವನದು, ಆದರೆ ಬೆಳಿಗ್ಗೆ ಒಂದು ಗುಟುಕು ಬೀಳದೆ ಆ ಕೈ ನಿಲ್ಲುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಇದೇ ಸಂಚಾಲಕರು ಹರಿಹರದ ಕಲ್ಯಾಣ ಮಂಟಪವೊಂದರಲ್ಲಿ ಮದ್ಯವರ್ಜನ ಶಿಬಿರ ನಡೆಸಿದ್ದರು. ಮಾವ ಹೋಗಿ ಭಜನೆ ಮಾಡಿ, ಪ್ರತಿಜ್ಞೆ ಮಾಡಿ, ಹಾರ ಹಾಕಿಸಿಕೊಂಡು ಬಂದ. ಒಂದು ತಿಂಗಳು ಮುಟ್ಟಲಿಲ್ಲ. ಆ ತಿಂಗಳು ಯಾವುದಿತ್ತು ಅಂತ ಆಗ ಯಾರೂ ಯೋಚನೆ ಮಾಡಲಿಲ್ಲ.

ಈ ಸಲ ಆಷಾಢದಲ್ಲಿ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದ. ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರು ಅತ್ತೆಯನ್ನು ಪಕ್ಕಕ್ಕೆ ಕರೆದು, ಹೀಗೇ ಕುಡಿದರೆ ಮುಂದಿನ ಯುಗಾದಿ ಕಾಣುವುದು ಕಷ್ಟ ಎಂದರಂತೆ. ಅತ್ತೆ ನನಗೆ ಫೋನ್ ಮಾಡಿದಳು. ನಾನಿದ್ದದ್ದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ರೂಮಿನಲ್ಲಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳ ನಡುವೆ.

"ಶ್ರಾವಣ ಹೆಂಗೋ ದಾಟತೈತೆ ಕಣವ್ವಾ. ಆಮ್ಯಾಲೆ ಹೆಂಗೆ? ಆ ಶಿಬಿರದೋರು ಈಗ ದಾವಣಗೆರ್‍ಯಾಗ ಬಿಲ್ಡಿಂಗ್ ಕಟ್ಟ್ಯಾರಂತೆ. ಒಳಗ ಇಟ್ಕೊಂಡು ಬಿಡಿಸ್ತಾರಂತೆ. ನೀನು ವಾದ ಮಾಡಾಕಿ, ಬಂದು ನಾಕು ಮಾತು ಕೇಳು."

ಅತ್ತೆಯ ಜೊತೆ ಹೋದೆ. ಕೇಂದ್ರದ ಬಾಗಿಲಲ್ಲೇ ಬೋರ್ಡು: 'ಇಲ್ಲಿಗೆ ಬಂದವರೆಲ್ಲ ಬಿಟ್ಟಿದ್ದಾರೆ.' ಒಳಗೆ ಸಂಚಾಲಕರು, ಬಿಳಿ ಜುಬ್ಬಾ, ಮೇಜಿನ ಮೇಲೆ ಸನ್ಮಾನದ ಶಾಲು. ಇಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ ಎಂದೆ.

"ರಿಸರ್ಚ್ ಮಾಡೇವಿ ಮೇಡಂ. ಸುಮ್ನೆ ಬಾಯಿಮಾತಲ್ಲ. ವರ್ಷಕ್ಕೊಮ್ಮೆ ಎಲ್ಲಾರಿಗೂ ಫೋನ್ ಹಚ್ತೀವಿ, ಕುಡಿಯಾದು ಬಿಟ್ಟೀರೋ ಇಲ್ಲೋ ಅಂತ ಕೇಳ್ತೀವಿ."

"ಯಾವಾಗ ಮಾಡ್ತೀರಿ?"

"ಶ್ರಾವಣ ಸೋಮವಾರ," ಎಂದರು ಹೆಮ್ಮೆಯಿಂದ. "ಒಳ್ಳೇ ದಿನ ನೋಡ್ರಿ. ಒಳ್ಳೇ ಕೆಲಸಕ್ಕ ಒಳ್ಳೇ ದಿನಾನೇ ಬೇಕು."

ನನಗೆ ನಗು ತಡೆಯಲಾಗಲಿಲ್ಲ. ಏಕಾದಶಿಯ ದಿನ ಮನೆಮನೆಗೆ ಹೋಗಿ 'ಊಟ ಬಿಟ್ಟಿದ್ದೀರಾ' ಎಂದು ಕೇಳಿ, ಊರಿಗೆ ಊರೇ ಅನ್ನ ತ್ಯಜಿಸಿದೆ ಎಂದು ವರದಿ ಬರೆದ ಹಾಗಾಯಿತು. "ಸರ್, ಶ್ರಾವಣದಾಗ ನಿಮ್ಮ ಹತ್ರ ಬರದೇ ಇರೋರೂ ಬಿಟ್ಟಿರ್ತಾರಲ್ಲ? ಅವರಿಗೂ ಇವರಿಗೂ ಏನು ವ್ಯತ್ಯಾಸ ಅಂತ ನೋಡೀರಾ?"

"ಬರದೇ ಇದ್ದೋರ ನಂಬರ್ ನಮ್ಮ ಹತ್ರ ಎಲ್ಲಿರತೈತ್ರಿ?"

ಉತ್ತರ ತರ್ಕಬದ್ಧವಾಗಿಯೇ ಇತ್ತು.

"ಫೋನ್ ಎತ್ತದೇ ಇದ್ದೋರು?"

"ಅವ್ರನ್ನ ಲೆಕ್ಕಕ್ಕ ಹಿಡಿಯಲ್ಲ. ಎತ್ತದೇ ಇದ್ದೋರ ಮ್ಯಾಲೆ ಸುಮ್ನೆ ಅಪವಾದ ಯಾಕ?"

"ಎತ್ತಿದೋರು ಯಾರು? ಕುಡಿಯೋರಾ?"

"ಹೆಂಡ್ರು ಎತ್ತತಾರೆ. ಹೆಣ್ಮಕ್ಕಳು ಇಂಥಾ ವಿಷಯದಾಗ ಸುಳ್ಳು ಹೇಳ್ತಾರೇನ್ರಿ?"

ಅಷ್ಟು ಹೊತ್ತು ಸೆರಗಿನ ತುದಿ ಹಿಡಿದು ಕೂತಿದ್ದ ಅತ್ತೆ ತಲೆ ಎತ್ತಿದಳು. ಸಂಚಾಲಕರು ಅದನ್ನು ಗಮನಿಸದೆ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ಶಿಬಿರಗಳ ಫೋಟೋಗಳ ಸಾಲು. "ಇವ್ರನ್ನ ನೋಡ್ರಿ. ಹರಿಹರದೋರು, ಲೇತ್ ಕೆಲಸ. ಎಂಥಾ ಕುಡುಕ ಅಂತೀರಿ! ಇವತ್ತಿಗೂ ಒಂದು ಹನಿ ಮುಟ್ಟಿಲ್ಲ. ಮನೆಯೋರೇ ಫೋನ್‌ನಾಗ ಹೇಳ್ಯಾರೆ."

ಚೆಂಡುಹೂವಿನ ಹಾರದೊಳಗೆ ಕೈ ಮುಂದೆ ಚಾಚಿ, ಹಲ್ಲು ಬಿಟ್ಟುಕೊಂಡು ಮಾವ ನಿಂತಿದ್ದ.

"ನಮ್ಮ ಯಜಮಾನ್ರು ರೀ ಅವ್ರು," ಎಂದಳು ಅತ್ತೆ. "ಅವ್ರಿಗೇ ಸೀಟ್ ಕೇಳಾಕೆ ಬಂದೀವಿ."

ಇಂಥ ಏಟಿಗೆ ಎದುರಾಳಿ ವೇದಿಕೆ ಬಿಟ್ಟು ಇಳಿಯುವುದನ್ನು ನಾನು ಕಂಡಿದ್ದೇನೆ. ಇವರು ಚಹಾ ಒಂದು ಗುಟುಕು ಕುಡಿದರು, ಅಷ್ಟೇ. "ಹಂಗಾರೆ ಇನ್ನೂ ಚಲೋ ಆತಲ್ರಿ! ನಮ್ಮ ಟ್ರೀಟ್‌ಮೆಂಟ್ ಅವ್ರಿಗೆ ಒಗ್ಗೇತಿ ಅಂತಾತು. ಕರ್ಕೊಂಡು ಬರ್ರಿ, ಮತ್ತೊಮ್ಮೆ ಬಿಡಿಸೋಣ." ಒಬ್ಬನೇ ಮನುಷ್ಯ ಹತ್ತು ಸಲ ಬಿಟ್ಟರೆ ಗೋಡೆ ಮೇಲೆ ಹತ್ತು ಫೋಟೋ. ಬಿಡದವರಿಂದಲೇ ಬೆಳೆಯುವ ಯಶಸ್ಸು ಅದು.

ಹೊರಗೆ ಬಂದು ಗಾಡಿಯೊಂದರ ಹತ್ತಿರ ಮಂಡಕ್ಕಿ ಮಿರ್ಚಿ ತಗೊಂಡು ಕೂತೆವು. ನಾನು ಅಮಲಿನಲ್ಲಿದ್ದೆ, ಗೆದ್ದ ಅಮಲಿನಲ್ಲಿ. ಊಟದಲ್ಲಿ ಕದ್ದು ಬೆರೆಸುವ ಪುಡಿಯ ಜಾಹೀರಾತಿನಿಂದ ಹಿಡಿದು, ಕೊಕ್ಕನೂರು ಕಡೆ ಯಾರೋ ಕಟ್ಟುವ ತಾಯಿತದವರೆಗೆ ಒಂದೊಂದನ್ನೇ ಎತ್ತಿ ಕೆಡವಿದೆ. ಬಿಟ್ಟವರ ಕಥೆ ಮಾತ್ರ ಊರು ಸುತ್ತುತ್ತದೆ, ಬಿಡದೆ ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ ಎಂದೆ. ಈ ಮಾತಿಗೆ ಸಭೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಅತ್ತೆ ಮೆಣಸಿನಕಾಯಿಯ ತೊಟ್ಟು ಪಕ್ಕಕ್ಕಿಟ್ಟಳು. "ಎಲ್ಲಾ ಸುಳ್ಳು ಅಂದಿ. ಸರಿ. ಈಗ ಅವ್ರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ, ಅದನ್ನ ಹೇಳು."

ಸ್ಪರ್ಧೆಯಲ್ಲಿ ಇಂಥ ಪ್ರಶ್ನೆ ಬರುವ ಹೊತ್ತಿಗೆ ಗಂಟೆ ಬಾರಿಸಿರುತ್ತಾರೆ. ಇಲ್ಲಿ ಬಾರಿಸಲಿಲ್ಲ. ನಾನೇ ಎದುರು ಪ್ರಶ್ನೆ ಹಾಕಿದೆ. "ಅವತ್ತು ಫೋನ್‌ನಾಗ ನೀನ್ಯಾಕ ಸುಳ್ಳು ಹೇಳಿದಿ ಅತ್ತೆ?"

"ಸುಳ್ಳೆಲ್ಲಿ? ಅವತ್ತು ಕುಡಿದಿರ್ಲಿಲ್ಲ. ಮರುವರ್ಷನೂ ಶ್ರಾವಣದಾಗೇ ಮಾಡಿದ್ರು, ಅವತ್ತೂ ಕುಡಿದಿರ್ಲಿಲ್ಲ." ಮಂಡಕ್ಕಿಯ ಪೊಟ್ಟಣ ಮಡಚುತ್ತ ಅಂದಳು, "ಮತ್ತೆ ಶುರು ಮಾಡಿದ್ರು ಅಂತ ಹೆಂಗೆ ಹೇಳ್ಲಿ? ಅಷ್ಟು ಮಂದಿ ಮುಂದೆ ಹಾರ ಹಾಕ್ಯಾರೆ. ಹಾರ ಹಾಕ್ಸಿಕೊಂಡೋರ ಹೆಂಡ್ತಿ ಬಾಯಿ ಬಿಡಂಗಿಲ್ಲ."

ಮರುದಿನ ಮಾವನನ್ನು ಸರ್ಕಾರಿ ದೊಡ್ಡಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ನನ್ನ ಸಲಹೆಯಿಂದಲ್ಲ. ಅಲ್ಲಿ ಅಂಥ ಬೋರ್ಡು ಇಲ್ಲ ಎಂಬುದಷ್ಟೇ ಅತ್ತೆಯ ಕಾರಣ. ದಣಿದ ಮುಖದ ಡಾಕ್ಟರಮ್ಮ. ನಾನು ಅದೇ ಪ್ರಶ್ನೆ ಎಸೆದೆ: ನಿಮ್ಮಲ್ಲಿ ಎಷ್ಟು ಜನ ಬಿಡುತ್ತಾರೆ?

"ಬಿಟ್ಟೋರಲ್ಲಿ ಬಹಳ ಮಂದಿ ಮತ್ತೆ ಕುಡೀತಾರೆ," ಎಂದರು ಆಕೆ, ಮಾವನ ಕಣ್ಣಿನ ರೆಪ್ಪೆ ಎಳೆದು ನೋಡುತ್ತ. "ಗುಳಿಗೆ ಕೊಡ್ತೀವಿ, ಕೂಡ್ರಿಸಿ ಮಾತಾಡ್ತೀವಿ. ಕೆಲವರಿಗೆ ಹತ್ತತೈತೆ, ಕೆಲವರಿಗೆ ಇಲ್ಲ. ಯಾರಿಗೆ ಅಂತ ಮೊದಲೇ ಹೇಳೋ ವಿದ್ಯೆ ನನಗೆ ಬರಲ್ಲ. ಕುಡಿದ್ರೂ ಬರ್ರಿ. ಮುಚ್ಚಿಟ್ಟು ಮನ್ಯಾಗ ಕೂಡಬ್ಯಾಡ್ರಿ, ಅಷ್ಟೇ."

ಇಂಥ ಮಾತನ್ನು ಯಾವ ಪೇಂಟರ್ ಬೋರ್ಡಿನ ಮೇಲೆ ಬರೆದಾನು? ಗಿರಾಕಿ ಓಡಿಸುವ ಮಾತು. ಖಂಡಿಸಲು ಏನಾದರೂ ಸಿಗುತ್ತದೆಯೇ ಎಂದು ನಾನು ಹುಡುಕಿದೆ, ಸಿಗಲಿಲ್ಲ.

"ಮುಂದೆ ಯಾವಾಗ ಬರೋಣ್ರಿ?" ಎಂದ ಮಾವ.

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ನಡುವ ಯಾವಾಗರ ಕರೀರಿ, ಬರ್ತೀವಿ. ಶ್ರಾವಣ ಮುಗಿದ ಮರುದಿನ ಮಾತ್ರ ಕರೀದೇ ಇರಬ್ಯಾಡ್ರಿ."

ಶ್ರಾವಣದ ಒಂದು ಸೋಮವಾರ ನಾನು ಹರಿಹರದಲ್ಲೇ ಇದ್ದೆ. ಕೇಂದ್ರದ ಹುಡುಗಿಯ ಫೋನ್ ಬಂತು. ಅತ್ತೆ ಸ್ಪೀಕರಿಗೆ ಹಾಕಿದಳು.

"ಸದ್ಯ ಕುಡೀತಿಲ್ಲವ್ವ. ಶ್ರಾವಣ ಐತಲ್ಲ. ಮುಗಿದ ಮ್ಯಾಲೆ ಕೇಳು, ಇದ್ದದ್ದು ಹೇಳ್ತೀನಿ."

"ಕಂಪ್ಯೂಟರ್‌ನಾಗ ಹಂಗೆ ಹಾಕಾಕೆ ಬರಲ್ಲಕ್ಕ. ಬಿಟ್ಟಾರೆ ಅಂತ ಒತ್ಲಾ?"

"ಬ್ಯಾಡ."

"ಬ್ಯಾಡ ಅಂದ್ರೆ ಫೋನ್ ಎತ್ತಲಿಲ್ಲ ಅಂತ ಒತ್ತಬೇಕಾಗತೈತೆ."

"ಒತ್ತವ್ವ," ಎಂದಳು ಅತ್ತೆ, ಎತ್ತಿದ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ. ವಿಭೂತಿ ಹಚ್ಚಿಕೊಂಡು ಕೂತಿದ್ದ ಮಾವ ಕೆಮ್ಮು ಬರುವಷ್ಟು ನಕ್ಕ.

ಶ್ರಾವಣ ಮುಗಿದ ಮರುದಿನ ಬೆಳಿಗ್ಗೆ ಅತ್ತೆ ಫೋನ್ ಮಾಡಿದಳು. "ಕುಡಿದಾರೆ. ಕರ್ಕೊಂಡು ಹೊಂಟೀನಿ. ಬಸ್ ಸ್ಟ್ಯಾಂಡಿಗೆ ಬಾ." ದನಿಯಲ್ಲಿ ಅಳು ಇತ್ತು. ಮುಚ್ಚುಮರೆ ಇರಲಿಲ್ಲ. ಹರಿಹರದ ಬಸ್ಸಿನಿಂದ ಅವಳು ಮೊದಲು ಇಳಿದಳು, ಹಿಂದೆ ಅವಳ ಕೈ ಹಿಡಿದು ಮಾವ, ವಾಸನೆಯ ಸಮೇತ. ಅಕ್ಕಪಕ್ಕದವರು ತಿರುಗಿ ನೋಡಿದರು. ನನ್ನ ಬಾಯಲ್ಲಿ ಒಂದು ಚೂಪಾದ ಮಾತು ಸಿದ್ಧವಾಗಿತ್ತು, ಗುಳಿಗೆಗಿಂತ ಪಂಚಾಂಗವೇ ಗಟ್ಟಿ ಅಂತ.

"ಆಮ್ಯಾಲೆ ವಾದ ಮಾಡುವಂತಿ," ಎಂದಳು ಅತ್ತೆ. "ಆ ಕಡೆ ರಟ್ಟೆ ಹಿಡ್ಕಾ."

ಹಿಡಿದೆ. ಆಸ್ಪತ್ರೆಯ ಕಡೆ ನಡೆಯುತ್ತ ಮಾವ ನನ್ನತ್ತ ವಾಲಿದ. "ಏನವ್ವಾ ಲಾಯರಮ್ಮ, ಗ್ವಾಡಿ ಮ್ಯಾಲಿನ ನನ್ನ ಫೋಟೋ ತಗದ್ರಾ?"

"ಎಲ್ಲಿ ತಗೀತಾರೆ? ಇನ್ನೂ ಹಲ್ಲು ಕಿಸ್ಕೊಂಡು ನಿಂತೀ."

"ಇರ್ಲಿ ಬಿಡು," ಎಂದ. "ಅದ್ರಾಗ ಚಂದ ಕಾಣ್ತೀನಿ."