ಕಬ್ಬಿನ ನಡುವೆ ಕುರಿಗೆ ಬಿಟ್ಟ ಜಾಗ

೨೦೧೯ರ ಆಗಸ್ಟ್‌ನಲ್ಲಿ ನಾನು ಮೂಡಲಗಿ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಮನೆ ಗೋಕಾಕದಲ್ಲಿ. ಅದಕ್ಕೂ ಮೊದಲು ಏಳೆಂಟು ವರ್ಷ ಹುಕ್ಕೇರಿ ಕಡೆ ಕೆಲಸ ಮಾಡಿದ್ದರಿಂದ ಅಲ್ಲಿಯ ಕುರಿಗಾರರಿಗೆಲ್ಲ ನನ್ನ ಮೊಬೈಲ್ ನಂಬರ್ ಬಾಯಿಪಾಠವಾಗಿತ್ತು. ನನಗೆ ವರ್ಗವಾದರೂ ಅವರ ಫೋನುಗಳಿಗೆ ವರ್ಗವಾಗಲಿಲ್ಲ. ಊಟಕ್ಕೆ ಕೂತಾಗ ಫೋನ್ ಬಂದರೆ ನನ್ನ ಹೆಂಡತಿ, ‘ಯಾವುದೋ ಕುರೀದ ಇರಬೇಕು, ಎತ್ತರಿ’ ಎನ್ನುತ್ತಿದ್ದಳು. ಹಾಗೆ ಎತ್ತಿದ ಒಂದು ಫೋನ್ ನನ್ನನ್ನು ಘಟಪ್ರಭೆಯ ನೀರಿನ ನಡುವೆ ಕೂಡಿಹಾಕಿತು.

ಫೋನ್ ಮಾಡಿದವನು ಹತ್ತರಗಿ ಹತ್ತಿರದ ಲಕ್ಕಪ್ಪ. ಅವನದು ಸುಮಾರು ಇನ್ನೂರು ಕುರಿಗಳ ಹಿಂಡು. ಮಳೆ ಹಿಡಿಯಿತೆಂದರೆ ಅವನೂ ಅವನ ಹೆಂಡತಿ ಬಾಳವ್ವನೂ ಹಿಂಡು ಹೊಡೆದುಕೊಂಡು ಮಳೆ ಕಡಿಮೆ ಇರುವ ಮೂಡಲ ಕಡೆಗೆ ಬರುತ್ತಿದ್ದರು. ದಾರಿಯುದ್ದಕ್ಕೂ ಖಾಲಿ ಹೊಲಗಳಲ್ಲಿ ಕುರಿ ತರುಬುತ್ತಿದ್ದರು. ಅಂದರೆ ಹೊಲದಲ್ಲಿ ಬಲೆ ಕಟ್ಟಿ ಹಿಂಡನ್ನು ಕೆಲವು ರಾತ್ರಿ ನಿಲ್ಲಿಸುವುದು. ಹಿಕ್ಕೆ, ಗಂಜಲ ಹೊಲಕ್ಕೆ. ಅದಕ್ಕೆ ಪ್ರತಿಯಾಗಿ ಕುರಿಗಾರನಿಗೆ ಜೋಳ. ಆ ವರ್ಷ ನಮ್ಮ ತಾಲ್ಲೂಕಿನ ಹೊಳೆದಂಡೆಯ ದಿಬ್ಬದಲ್ಲಿ ಇಳಿದುಕೊಂಡಾಗ ಕುರಿಗಳು ಕುಂಟತೊಡಗಿದ್ದವು. ಗೊರಸು ಕೊಳೆಯುವ ಬೇನೆ, ನಮ್ಮ ಭಾಷೆಯಲ್ಲಿ ಫುಟ್ ರಾಟ್. ಒದ್ದೆ ನೆಲದಲ್ಲಿ ನಿಂತೂ ನಿಂತೂ ಬರುವ ರೋಗ ಅದು. ಕುಂಟುವ ಕುರಿಗೆ ಕೆಸರಿನಲ್ಲಿ ಕಾಲು ಕೀಳಲು ಆಗುವುದಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಮೋಟಾರ್ ಸೈಕಲ್ಲನ್ನು ಹೊಳೆದಂಡೆಯ ದಾರಿಯಲ್ಲಿ ನಿಲ್ಲಿಸಿ, ಔಷಧದ ಪೆಟ್ಟಿಗೆ ಹೊತ್ತು ದಿಬ್ಬ ಹತ್ತಿದೆ. ಹೊಳೆ ತುಂಬಿ ಕೆಂಪಾಗಿತ್ತು. ‘ನೀರು ಏರಾಕತ್ತೇತಿ, ಇಲ್ಲಿ ಯಾಕ ನಿಂತೀರಿ?’ ಎಂದು ಕೇಳಿದೆ.

‘ಇದು ಎಂದೂ ಮುಳಗಿದ ದಿಬ್ಬ ಅಲ್ರಿ ಸಾಹೇಬ್ರ. ನಮ್ಮಪ್ಪ ಇಲ್ಲೇ ನಿಲ್ತಿದ್ದ, ಅವರಪ್ಪನೂ ಇಲ್ಲೇ ನಿಲ್ತಿದ್ದ’ ಎಂದ ಲಕ್ಕಪ್ಪ.

ಅವನ ಅಪ್ಪ, ಅಜ್ಜ ಕಂಡ ಮಳೆ ಬೇರೆ. ತಿಂಗಳುಗಟ್ಟಲೆ ಜಿಟಿಜಿಟಿ ಸುರಿಯುತ್ತಿದ್ದದ್ದು ಈಗ ನಾಲ್ಕೈದು ದಿನಗಳಲ್ಲಿ ಒಮ್ಮೆಲೇ ಬಂದು ಬೀಳುತ್ತದೆ. ಹವಾಮಾನ ಬದಲಾವಣೆ ಎಂದು ಇಲಾಖೆಯ ತರಬೇತಿಯಲ್ಲಿ ಕೇಳಿ, ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸಿ, ಸರ್ಟಿಫಿಕೇಟ್ ತಂದುಕೊಂಡವನು ನಾನು. ಕುಂಟುವ ಕುರಿಗಳ ಗೊರಸು ಕೊರೆದು ಔಷಧ ಹಚ್ಚಿ ತಲೆ ಎತ್ತುವಷ್ಟರಲ್ಲಿ ಹೊಳೆದಂಡೆಯ ದಾರಿ ಕಾಣಿಸಲಿಲ್ಲ. ನನ್ನ ಮೋಟಾರ್ ಸೈಕಲ್ಲಿನ ಕನ್ನಡಿ ಮಾತ್ರ ನೀರಿನ ಮೇಲಿತ್ತು. ಸ್ವಲ್ಪ ಹೊತ್ತಿಗೆ ಅದೂ ಹೋಯಿತು.

ಮೂರು ಕಡೆ ನೀರು. ನಾಲ್ಕನೆಯ ಕಡೆ ಕಬ್ಬು. ಕಬ್ಬಿನ ಆಚೆ ಎತ್ತರದಲ್ಲಿ ಡಾಂಬರು ರಸ್ತೆ ಇದೆ, ಒಂದು ಫರ್ಲಾಂಗಿಗಿಂತ ಹೆಚ್ಚು ದೂರವಿಲ್ಲ. ಲಾರಿಗಳ ಹಾರನ್ ಕೇಳಿಸುತ್ತಿತ್ತು. ಆದರೆ ಕಬ್ಬು ಆಳೆತ್ತರ ಬೆಳೆದು, ಮಳೆಗೆ ಮಲಗಿ, ಒಂದಕ್ಕೊಂದು ಹೆಣೆದುಕೊಂಡಿತ್ತು. ನಾನು ತೂರಿಕೊಂಡು ಹೋಗಲು ನೋಡಿದೆ. ಹತ್ತು ಹೆಜ್ಜೆಗೆ ಎರೆಮಣ್ಣು ಮೊಣಕಾಲಿಗೆ ಬಂತು, ಗರಿ ಮುಖ ಗೀರಿತು, ಒಂದು ಹಾವು ನನಗಿಂತ ಅವಸರದಲ್ಲಿ ಎದುರಿಗೇ ಹರಿದು ಹೋಯಿತು. ತಿರುಗಿ ಬಂದೆ. ಮನುಷ್ಯನ ಪಾಡೇ ಹೀಗಾದರೆ, ಮುಂದೆ ಬಯಲು ಕಾಣದೆ ಹೆಜ್ಜೆ ಇಡದ ಕುರಿ ಅಲ್ಲಿಗೆ ಇಳಿಯುವ ಮಾತೇ ಇರಲಿಲ್ಲ.

‘ಕುಡಗೋಲು ಐತಲ್ಲ, ಕಡೀತಾ ಹೋಗೂಣು’ ಎಂದೆ.

ಲಕ್ಕಪ್ಪ ತಲೆಯಾಡಿಸಿದ. ‘ಮಂದಿ ಬೆಳಿಗೆ ನಾ ಕುಡಗೋಲು ಹಚ್ಚಿದ್ರ ನಾಳೆ ನನ್ನ ಯಾರು ಹೊಲದಾಗ ನಿಂದರಸ್ತಾರ್ರಿ? ಮಾಲಕರನ್ನ ಕೇಳ್ರಿ.’

ಮಾಲೀಕರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಆಸ್ಪತ್ರೆಗೆ ಇಬ್ಬರೂ ಎಮ್ಮೆ ಹೊಡೆದುಕೊಂಡು ಬರುವವರು, ಒಬ್ಬರು ಇದ್ದರೆ ಇನ್ನೊಬ್ಬರು ಹೊರಗೆ ನಿಲ್ಲುವವರು. ಶಿವಗೊಂಡ ಮತ್ತು ಮಲ್ಲಪ್ಪ, ಅಣ್ಣ ತಮ್ಮಂದಿರ ಮಕ್ಕಳು. ಅವರ ಹೊಲಗಳ ನಡುವೆ ಹಿಂದೆ ಒಂದು ಬಂಡಿ ದಾರಿ ಇತ್ತು. ಕಬ್ಬಿಗೆ ಬೆಲೆ ಬಂದ ಮೇಲೆ ವರ್ಷಕ್ಕೊಂದು ಸಾಲು ಇವರು, ಒಂದು ಸಾಲು ಅವರು ಒತ್ತುತ್ತಾ ಬಂದು ದಾರಿಯನ್ನು ನುಂಗಿದ್ದರು. ದಾರಿ ನಿನ್ನ ಹೊಲದಲ್ಲಿತ್ತು, ನನ್ನದರಲ್ಲಲ್ಲ ಎಂದು ಗೋಕಾಕದ ಕೋರ್ಟಿನಲ್ಲಿ ಕೇಸು ನಡೆದು ಎಷ್ಟೋ ವರ್ಷಗಳಾಗಿದ್ದವು. ಅವರ ಊರಿಗೂ ನೀರು ಬಂದಿದ್ದರಿಂದ ಆಗ ಇಬ್ಬರೂ ರಸ್ತೆಯ ಬದಿಯ ಶಾಲೆಯಲ್ಲಿ, ನೆರೆ ಸಂತ್ರಸ್ತರ ಕಾಳಜಿ ಕೇಂದ್ರದ ಒಂದೇ ಕೋಣೆಯಲ್ಲಿ ಇದ್ದರು. ಹೊಳೆಗೆ ಯಾರ ಕೇಸೂ ಗೊತ್ತಿರುವುದಿಲ್ಲ.

ಮೊದಲು ಶಿವಗೊಂಡನಿಗೆ ಫೋನ್ ಹಚ್ಚಿದೆ. ಅವನು ಮರುಗಿದ. ‘ಖರೆ ಐತ್ರಿ ಸಾಹೇಬ್ರ, ಮೂಕ ಪ್ರಾಣಿ. ಆದ್ರ ನಾ ನನ್ನ ಕಡೀದು ಕಡದ್ನೆಂದ್ರ, ದಾರಿ ನನ್ನ ಹೊಲದಾಗ ಇತ್ತು ಅಂತ ನಾನ ಒಪ್ಪಿಕೊಂಡಂಗ. ಮಲ್ಲಪ್ಪನ ವಕೀಲ ಬಿಡ್ತಾನೇನ್ರಿ?’ ಮಲ್ಲಪ್ಪನಿಗೆ ಹಚ್ಚಿದೆ. ಅವನೂ ಅದೇ ರಾಗ ಹಾಡಿದ: ‘ಅಣ್ಣಗ ಮೊದಲ ಕಡ್ಯಾಕ ಹೇಳ್ರಿ.’ ಒಂದೇ ಕೋಣೆಯಲ್ಲಿ ಕೂತವರ ಮಾತನ್ನು ನಾನು ದಿಬ್ಬದ ಮೇಲಿಂದ ಅವರಿಂದ ಇವರಿಗೆ, ಇವರಿಂದ ಅವರಿಗೆ ದಾಟಿಸಿದೆ. ಮಳೆ ಫೋನಿನ ಮೇಲೆ ಸುರಿಯುತ್ತಿತ್ತು. ಬಾಯಿಗೆ ಬಂದಂತೆ ಬೈದೆ. ಬೈದದ್ದರಿಂದ ಬ್ಯಾಟರಿ ಕಡಿಮೆಯಾಯಿತೇ ವಿನಾ ಇನ್ನೇನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ರಕ್ಷಣೆಯ ದೋಣಿ ಬಂತು. ಅಷ್ಟರಲ್ಲಿ ದಿಬ್ಬ ಅರ್ಧದಷ್ಟಾಗಿ, ಕುರಿಗಳು ಒಂದರ ಮೇಲೊಂದು ಒತ್ತಿಕೊಂಡು ನಿಂತಿದ್ದವು. ಕೂರಲು ನಮಗೂ ಜಾಗವಿರಲಿಲ್ಲ. ದೋಣಿಯವರದು ಸರಿಯಾದ ಮಾತೇ: ಮನುಷ್ಯರನ್ನು ಒಯ್ಯುತ್ತೇವೆ, ಕುರಿಗಳನ್ನಲ್ಲ, ಇನ್ನೂ ಬೇರೆ ಕಡೆ ಹೋಗಬೇಕು. ಲಕ್ಕಪ್ಪ ಹೆಂಡತಿಯನ್ನು ಹತ್ತಿಸಿದ. ತಾನು ಹತ್ತಲಿಲ್ಲ. ‘ನಾ ಬರೂದಿಲ್ರಿ’ ಎಂದ, ಅಷ್ಟೇ. ಅವನ ಕೈ ಹಿಡಿದು ಎಳೆದೆ, ಗದರಿಸಿದೆ. ಅವನು ತಲೆಯ ಮೇಲಿನ ಕಂಬಳಿ ಕೊಪ್ಪೆ ಸರಿಮಾಡಿಕೊಂಡು ಕುರಿಗಳ ನಡುವೆ ಹೋಗಿ ನಿಂತ.

ನಾನು ಉಳಿದೆ. ಧೈರ್ಯವಂತನೆಂದು ಆಮೇಲೆ ಕೆಲವರು ಹೊಗಳಿದರು. ನಿಜ ಹೇಳಬೇಕೆಂದರೆ ನಾನು ಸಿಟ್ಟಿನಿಂದ ಉಳಿದೆ. ಲಕ್ಕಪ್ಪನ ಹಟದ ಮೇಲೆ, ಆ ಅಣ್ಣ ತಮ್ಮಂದಿರ ಮೇಲೆ, ಕಣ್ಣೆದುರೇ ಇರುವ ರಸ್ತೆಗೆ ಹೋಗಲಾಗದ ನನ್ನ ಪಾಡಿನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ದೋಣಿ ಹತ್ತಲು ಕಾಲೇ ಏಳಲಿಲ್ಲ. ದೋಣಿ ಕಣ್ಮರೆಯಾದ ಮೇಲೆ ಭಯ ಶುರುವಾಯಿತು. ಹೆಂಡತಿಗೆ ಫೋನ್ ಮಾಡಿ ಊಟ ಮಾಡಿದೆ ಎಂದು ಸುಳ್ಳು ಹೇಳಿದೆ. ಎದುರಿನ ಕಬ್ಬು ಗಾಳಿಗೆ ಅಲುಗಾಡಿದಾಗಲೆಲ್ಲ ಯಾರೋ ಬಂದರೆಂದು ಕತ್ತೆತ್ತುತ್ತಿದ್ದೆವು. ಯಾರೂ ಬರುತ್ತಿರಲಿಲ್ಲ. ಅಂಚಿನಲ್ಲಿದ್ದ ಎರಡು ಮರಿಗಳನ್ನು ನೀರು ಒಯ್ದಿತು. ಲಕ್ಕಪ್ಪ ಅತ್ತ ನೋಡಲಿಲ್ಲ.

ಆಚೆ ಶಾಲೆಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಬಾಳವ್ವನನ್ನು ದೋಣಿಯವರು ಅದೇ ಕೋಣೆಗೆ ತಂದು ಬಿಟ್ಟಿದ್ದರು. ಅವಳು ಒದ್ದೆ ಸೀರೆಯಲ್ಲೇ ಶಿವಗೊಂಡ, ಮಲ್ಲಪ್ಪ ಇಬ್ಬರ ನಡುವೆ ಹೋಗಿ ಕೂತಳು. ಅವಳಿಗೆ ಇಬ್ಬರ ಮನೆಯೂ ಗೊತ್ತು. ಕಬ್ಬು ಹಚ್ಚುವ ಮೊದಲು ಇಬ್ಬರ ಹೊಲದಲ್ಲೂ ಅದೇ ಹಿಂಡು ತರುಬಿತ್ತು, ಇಬ್ಬರ ಮನೆಯಿಂದಲೂ ಅವಳು ಜೋಳ ಒಯ್ದಿದ್ದಳು. ಶಿವಗೊಂಡ ತನ್ನ ಕೇಸಿನ ಕಷ್ಟ ಹೇಳಿಕೊಂಡನಂತೆ. ಬಾಳವ್ವ ಪೂರ್ತಿ ಕೇಳಿಸಿಕೊಂಡು ಹೇಳಿದಳಂತೆ:

‘ದಾರಿ ಅಂತ ಯಾರು ಕಡ್ಯಾಕ ಹೇಳ್ಯಾರ್ರಿ ಯಪ್ಪಾ? ಕುರಿ ತರಬಾಕ ಜಾಗಾ ಮಾಡ್ರಿ. ಕಬ್ಬು ಹಚ್ಚೂ ಮೊದಲ ನೀವೂ ಮಾಡಿದ್ರಿ, ನಿಮ್ಮ ತಮ್ಮನೂ ಮಾಡಿದ್ದ. ಅದಕ ಯಾವ ಕೋರ್ಟ್ ಏನ ಅಂದಿತ್ತು?’

ಕುರಿ ತರುಬಿಸಿಕೊಂಡರೆ ಅದು ಹೊಲದವನ ಇಷ್ಟ. ಅದರಿಂದ ದಾರಿಯ ಹಕ್ಕು ಹುಟ್ಟುತ್ತದೆಂದು ನಮ್ಮ ಕಡೆ ಯಾರೂ ವಾದಿಸಿದ್ದಿಲ್ಲ. ಆದರೂ ಇಬ್ಬರಲ್ಲಿ ಒಬ್ಬನೂ ಮೊದಲು ಏಳಲಿಲ್ಲ. ಕೊನೆಗೆ ಅವಳೇ ಎದ್ದು, ‘ನಡ್ರಿ’ ಎಂದು ಮಳೆಯಲ್ಲಿ ಹೊರಟಳು. ಅವಳ ಹಿಂದೆ ಇಬ್ಬರೂ ಎದ್ದರು.

ಮಧ್ಯಾಹ್ನ ಕಬ್ಬಿನ ಆ ಕಡೆಯಿಂದ ಕತ್ತಿಯ ಸದ್ದು ಬಂತು. ಲಕ್ಕಪ್ಪ ನನ್ನ ತೋಳು ಹಿಡಿದುಕೊಂಡ. ಹಳೆಯ ಬದುವಿನ ಗುರುತು ಹಿಡಿದು, ಎಡಕ್ಕೆ ಶಿವಗೊಂಡ, ಬಲಕ್ಕೆ ಮಲ್ಲಪ್ಪ, ತಮ್ಮ ತಮ್ಮ ಸಾಲು ಕಡಿಯುತ್ತಾ ಬರುತ್ತಿದ್ದರು. ಶಾಲೆಯಲ್ಲಿದ್ದ ಇನ್ನೂ ಕೆಲವರು ಕಡಿದ ಕಬ್ಬನ್ನು ಎಳೆದು ಕೆಸರಿನ ಮೇಲೆ ಅಡ್ಡಡ್ಡ ಹಾಸುತ್ತಿದ್ದರು. ಕುಂಟುವ ಕುರಿಯ ಕಾಲು ಹೂಳಬಾರದೆಂದು ಹಾಗೆ ಹಾಸಲು, ಸದ್ದು ಕೇಳಿದ ಕೂಡಲೇ ಶಿವಗೊಂಡನಿಗೆ ಫೋನಿನಲ್ಲಿ ಒದರಿ ಹೇಳಿದ್ದೇ ನನ್ನ ಬ್ಯಾಟರಿಯ ಕೊನೆಯ ಕೆಲಸ. ಈ ಕಡೆಯಿಂದ ನಾವಿಬ್ಬರೂ ಒಂದೇ ಕುಡಗೋಲಿನಲ್ಲಿ ಸರದಿಯ ಮೇಲೆ ಕಡಿಯತೊಡಗಿದೆವು. ನೀರು ನಮ್ಮ ಹಿಂದೆಯೇ ಹೊಲಕ್ಕೆ ನುಗ್ಗುತ್ತಿತ್ತು. ಕಬ್ಬಿನ ಸಂದಿಯಲ್ಲಿ ಅಣ್ಣ ತಮ್ಮಂದಿರ ಮುಖ ಕಂಡಾಗ ಅವರು ಇನ್ನೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಶಿವಗೊಂಡ ತಮ್ಮನ ಕಡೆ ಕೈ ಚಾಚಿದ.

‘ನಿನ್ನ ಕತ್ತಿ ಮೊಂಡ ಆಗೇತಿ. ಇದನ್ನ ತಗೋ.’

ಮಲ್ಲಪ್ಪ ತೆಗೆದುಕೊಂಡ. ಕೇಸು ಶುರುವಾದಾಗಿನಿಂದ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದೇ ಎಂದು ಊರಿನವರು ಈಗಲೂ ಹೇಳುತ್ತಾರೆ.

ಮುಂದಿನ ಬಯಲು ಕಂಡ ಕೂಡಲೇ ದೊಡ್ಡ ಟಗರು ಕಬ್ಬಿನ ಹಾಸಿನ ಮೇಲೆ ಕಾಲಿಟ್ಟಿತು. ಅದರ ಹಿಂದೆ ಹಿಂಡೆಲ್ಲ ಹೊರಟಿತು. ನಡೆಯಲಾಗದವನ್ನು ಹೊತ್ತೆವು. ಕೊನೆಯ ಕುರಿ ರಸ್ತೆ ಹತ್ತಿದ ಮೇಲೆ ತಿರುಗಿ ನೋಡಿದರೆ ದಿಬ್ಬ ಇರಲಿಲ್ಲ. ನಾನು ರಸ್ತೆಯ ಬದಿಯಲ್ಲಿ ಕೂತು ಅತ್ತೆ. ಅಳಲು ನಾಚಿಕೆಯಾಗಲಿಲ್ಲ. ಬಾಳವ್ವ ಕುರಿ ಎಣಿಸುವುದರಲ್ಲಿ ಇದ್ದಳು, ನನ್ನ ಕಡೆ ನೋಡಲಿಲ್ಲ.

ನೀರಿಳಿದ ಮೇಲೆ ಆ ಪಟ್ಟಿಯಲ್ಲಿ ಮತ್ತೆ ಕಬ್ಬು ಹಚ್ಚುತ್ತಾರೆಂದೇ ನಾನು ತಿಳಿದಿದ್ದೆ. ಹಚ್ಚಲಿಲ್ಲ. ಇಬ್ಬರೂ ಮಳೆಗಾಲಕ್ಕೆ ಮೊದಲು ತಮ್ಮ ಬದಿಯನ್ನು ಸ್ವಚ್ಛಮಾಡಿ, ಕುರಿ ತರುಬಲು ಜಾಗ ಎಂದು ಬಿಡುತ್ತಾರೆ. ಲಕ್ಕಪ್ಪ ಬಂದಾಗ ಮೊದಲು ಅಲ್ಲೇ ತರುಬುತ್ತಾನೆ, ಇಬ್ಬರಿಗೂ ಗೊಬ್ಬರ ಸಮಪಾಲು. ಅವನ ಮೈದುನನೊಬ್ಬ ಹೊಳೆಯ ಮೇಲ್ಗಡೆ ಇರುವ ಹಿಡಕಲ್ ಜಲಾಶಯದಲ್ಲಿ ಮೀನು ಹಿಡಿಯುತ್ತಾನೆ. ಅಲ್ಲಿ ನೀರು ಬಿಟ್ಟರೆ ಅವನು ಲಕ್ಕಪ್ಪನಿಗೂ ಶಿವಗೊಂಡನಿಗೂ ಫೋನ್ ಮಾಡುತ್ತಾನೆ. ಶಿವಗೊಂಡ ಊರಿಗೆ ಹೇಳುತ್ತಾನೆ, ಮಲ್ಲಪ್ಪನಿಗೂ ಹೇಳುತ್ತಾನೆ. ಮರುವರ್ಷ ಊರಿನವರೂ ತಮ್ಮ ಎಮ್ಮೆಗಳನ್ನು ಅದೇ ಪಟ್ಟಿಯಲ್ಲಿ ರಸ್ತೆಗೆ ಸಾಗಿಸಿದರು. ಇಷ್ಟಾದರೂ ಅದನ್ನು ಯಾರೂ ದಾರಿ ಎಂದು ಕರೆಯುವಂತಿಲ್ಲ, ಯಾಕೆಂದರೆ ಕೇಸು ಇನ್ನೂ ನಡೆದಿದೆ.

ಆ ಕೇಸಿನಲ್ಲಿ ನಾನೂ ಒಮ್ಮೆ ಸಿಕ್ಕಿಬಿದ್ದೆ. ಇಬ್ಬರೂ ನನ್ನನ್ನೇ ಸಾಕ್ಷಿ ಮಾಡಿದ್ದರು. ಆ ದಿನ ನೀವು ಯಾವ ದಾರಿಯಿಂದ ಹೊರಗೆ ಬಂದಿರಿ ಎಂದು ವಕೀಲರು ಕೇಳಿದರು. ಕಟಕಟೆಯಲ್ಲಿ ನಿಂತಾಗ ದಿಬ್ಬದ ಮೇಲೆ ನಿಂತಂತೆಯೇ ಅನಿಸಿತು. ‘ದಾರಿ ಇರಲಿಲ್ಲ. ಇಬ್ಬರೂ ಕುರಿ ತರುಬಲು ಜಾಗ ಮಾಡಿದ್ದರು, ಅದರಲ್ಲಿ ಬಂದೆ’ ಎಂದೆ. ವಕೀಲರಿಬ್ಬರಿಗೂ ನನ್ನ ಉತ್ತರ ಹಿಡಿಸಲಿಲ್ಲ. ಕಕ್ಷಿದಾರರಿಬ್ಬರೂ ಹೊರಗೆ ಬಂದು ನನಗೆ ಚಹಾ ಕುಡಿಸಿದರು.

ನಾನೀಗ ನಿವೃತ್ತ. ಬೇನೆ ಗುರುತಿಸಿ ಮದ್ದು ಕೊಡುವುದೇ ನನ್ನ ವೃತ್ತಿ ಎಂದು ಬಹಳ ಕಾಲ ನಂಬಿದ್ದೆ. ಹೊಳೆ ಏರಿದ ದಿನ ನನ್ನ ಪೆಟ್ಟಿಗೆಯಲ್ಲಿದ್ದ ಯಾವ ಮದ್ದೂ ಆ ಹಿಂಡನ್ನು ಉಳಿಸುತ್ತಿರಲಿಲ್ಲ. ಉಳಿಸಿದ್ದು, ಒಬ್ಬರಿಗೊಬ್ಬರು ಮುಖ ಕೊಡದ ಇಬ್ಬರು ತಮ್ಮ ತಮ್ಮ ಬದಿಯಲ್ಲಿ ಬಿಟ್ಟುಕೊಟ್ಟ ನಾಲ್ಕಾರು ಸಾಲು. ಒಟ್ಟಾಗಲು ಜನ ಪೂರ್ತಿ ರಾಜಿಯಾಗಲೇಬೇಕೆಂದು ಕಾಯುತ್ತಾ ಕೂತರೆ ನೀರು ಅಷ್ಟು ಹೊತ್ತು ಕಾಯುವುದಿಲ್ಲ. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟು.

ಕಳೆದ ಮಳೆಗಾಲದಲ್ಲಿ ಹೊಳೆ ಮತ್ತೆ ಕೆಂಪಾದಾಗ ತಡೆಯಲಾರದೆ ಲಕ್ಕಪ್ಪನಿಗೆ ಫೋನ್ ಮಾಡಿದೆ. ಬಾಳವ್ವ ಎತ್ತಿದಳು. ‘ನಾವು ನಿನ್ನೇನ ದಾಟೀವ್ರಿ ಸಾಹೇಬ್ರ, ರಸ್ತಾದ ಮ್ಯಾಲ ಅದೀವಿ’ ಎಂದಳು. ಆಮೇಲೆ ಕೇಳಿದಳು: ‘ನೀವು ಎಲ್ಲಿ ಅದೀರಿ?’

ಗೋಕಾಕದಲ್ಲಿ, ಮನೆಯಲ್ಲಿದ್ದೇನೆ ಎಂದೆ.

‘ಅಲ್ಲೇ ಇರ್ರಿ’ ಎಂದಳು. ‘ನಿಮ್ಮನ್ನ ಹೊರಗ ತರಾಕ ಈ ಸಲ ನಮಗ ಪುರಸೊತ್ತಿಲ್ಲ.’