ಯಾವ ಪಾರ್ಕಿಗೆ ಎಂದು ದೇವರನ್ನು ಕೇಳಿದ್ದು

ಆ ವರ್ಷ ಜುಲೈ ನಾಲ್ಕರ ರಜೆಗೆ ಡೆಟ್ರಾಯಿಟ್ ಬಳಿಯ ನಮ್ಮ ಕ್ಯಾಂಟನ್ ಮನೆಯಲ್ಲಿ ಹದಿಮೂರು ಜನ ಸೇರಿದ್ದೆವು. ನಾವು ನಾಲ್ವರು, ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅತ್ತೆ ಮಾವ, ಶಿಕಾಗೋ ಕಡೆಯಿಂದ ಯಜಮಾನರ ಅಕ್ಕನಾದ ನನ್ನ ನಾದಿನಿ, ಅವಳ ಗಂಡ, ಎತ್ತರಕ್ಕೆ ಬೆಳೆದ ಇಬ್ಬರು ಗಂಡುಮಕ್ಕಳು, ಶಿಕಾಗೋ ಹತ್ತಿರದ ಲೊಂಬಾರ್ಡಿನಿಂದ ನನ್ನ ಮೈದುನ, ಓರಗಿತ್ತಿ, ಅವರ ನಾಲ್ಕು ವರ್ಷದ ಮಗಳು. ಹದಿಮೂರು ಜನಕ್ಕೆ ಮೂರು ಹೊತ್ತು ಅಡುಗೆ ಮಾಡಿದರೂ ಒಲೆ ಕೈಕೊಡಲಿಲ್ಲ, ಬಚ್ಚಲು ಕಟ್ಟಿಕೊಳ್ಳಲಿಲ್ಲ. ಅದೂ ದೇವರ ದಯವೇ ಅಂದುಕೊಂಡಿದ್ದೆ.

ಕೆಲಸಗಳು ಹೋಗುತ್ತಿದ್ದ ಕಾಲ ಅದು. ನಮ್ಮ ಬೀದಿಯಲ್ಲೇ ಮೂರು ಮನೆ ಖಾಲಿ ಬಿದ್ದು, ಮುಂದಿನ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ನನ್ನ ಯಜಮಾನರು ಡಿಯರ್‌ಬಾರ್ನ್‌ನಲ್ಲಿ ಕಾರು ತಯಾರಿಸುವ ಕಂಪನಿಗೆ ಹೋಗುತ್ತಿದ್ದರು. ಸಂಜೆ ಗರಾಜಿನ ಬಾಗಿಲ ಸದ್ದಾದಾಗ ನಾನು ಅವರ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದೆ. ಬರೀ ಊಟದ ಡಬ್ಬಿಯೋ, ಮೇಜು ಖಾಲಿ ಮಾಡಿ ತುಂಬಿಕೊಂಡ ರಟ್ಟಿನ ಪೆಟ್ಟಿಗೆಯೋ ಎಂದು. ಊಟದ ಡಬ್ಬಿ ಕಂಡ ದಿನ ಒಂದು ಬತ್ತಿ ಹೆಚ್ಚಿಗೆ ಹಚ್ಚುತ್ತಿದ್ದೆ.

ಉಳಿದವರು ಶುಕ್ರವಾರ ಬರುವವರಿದ್ದರೆ ಮೈದುನನ ಸಂಸಾರ ಬುಧವಾರವೇ ಬಂದಿಳಿಯಿತು. "ವಾರ ಪೂರ್ತಿ ರಜಾ ಹಾಕ್ಬಿಟ್ಟೆ ಅತ್ಗೆ" ಎಂದು ನಗುತ್ತ ಒಳಗೆ ಬಂದ. ಮೊದಲೆಲ್ಲ ಅರ್ಧ ದಿನದ ರಜೆಗೂ ಒದ್ದಾಡುತ್ತಿದ್ದವನು.

ಗುರುವಾರ ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯಲು ಹಾಕುತ್ತಿದ್ದೆ. ಓರಗಿತ್ತಿ ಹಿಂದೆಯೇ ಇಳಿದು ಬಂದು, ಮೆಷೀನಿನ ಸದ್ದು ಜೋರಾಗುವವರೆಗೆ ಕಾದು, ನನ್ನ ಕೈ ಹಿಡಿದಳು.

"ಅಕ್ಕಾ, ನಿಮ್ಮ ದೇವ್ರ ಮೇಲೆ ಆಣೆ. ಯಾರಿಗೂ ಹೇಳ್ಬಾರ್ದು. ಭಾವನಿಗೂ."

"ಹೇಳಲ್ಲ. ಏನಾಯ್ತೇ?"

"ಇವ್ರ ಕೆಲ್ಸ ಹೋಗಿ ಆರು ವಾರ ಆಯ್ತು. ದಿನಾ ಎಂಟಕ್ಕೆ ಶರ್ಟು ಹಾಕ್ಕೊಂಡು ಲೈಬ್ರರೀಲಿ ಕೂತು ಬರ್ತಾರೆ."

ನಮಗೆ ಗ್ರೀನ್ ಕಾರ್ಡ್ ಬಂದಿತ್ತು. ಕೆಲಸ ಹೋದರೆ ನಮಗೆ ಕೆಲಸ ಮಾತ್ರ ಹೋಗುತ್ತಿತ್ತು. ವರ್ಕ್ ವೀಸಾದ ಮೇಲಿದ್ದ ಅವರಿಗೆ ಕೆಲಸದ ಜೊತೆ ಈ ದೇಶದಲ್ಲಿ ಇರುವ ಹಕ್ಕೂ ಹೋಗುತ್ತದೆ. ಬೇರೆ ಕಂಪನಿಯೊಂದು ಬೇಗ ಅಪ್ಲೈ ಮಾಡಿದರೆ ಹೇಗೋ ಉಳಿದುಕೊಳ್ಳಬಹುದು ಎಂಬ ಆಸೆ. ಮುಂದಿನ ಬುಧವಾರ ಫೋನಿನಲ್ಲೇ ಒಂದು ಇಂಟರ್‌ವ್ಯೂ ಇತ್ತು. ಅಲ್ಲಿಯವರೆಗೆ ಗಡಿ ಮಾತ್ರ ದಾಟಬಾರದು. ಮರಳಿ ಬರುವಾಗ ಎಲ್ಲಿ ಕೆಲಸ ಎಂದು ಕೇಳುತ್ತಾರೆ. ನಿಜ ಹೇಳಿದರೆ ಒಳಗೆ ಬಿಡುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇನ್ನೆಂದೂ ಬಿಡುವುದಿಲ್ಲ.

ನಮ್ಮ ಮನೆಯಿಂದ ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ಡೆಟ್ರಾಯಿಟಿನ ಸೇತುವೆ, ಅದರಾಚೆ ಕೆನಡಾ. ರಜೆಗೆ ಎಲ್ಲರನ್ನೂ ಕೆನಡಾದ ದೊಡ್ಡ ಥೀಮ್ ಪಾರ್ಕಿಗೆ ಕರೆದೊಯ್ಯಬೇಕೆಂದು ಯಜಮಾನರು ವಸಂತದಲ್ಲೇ ಅತ್ತೆ ಮಾವನಿಗೂ ತಮ್ಮನ ಮನೆಯವರಿಗೂ ವೀಸಾ ಮಾಡಿಸಿದ್ದರು.

"ಕೆನಡಾಗೆ ಬರಲ್ಲ ಅಂತ ಏನಾದ್ರೂ ನೆಪ ಹೇಳ್ಬಿಡ್ಲಿ" ಎಂದೆ.

"ಹೂಂ ಅಂದ್ಬಿಟ್ಟಿದಾರೆ ಅಕ್ಕಾ. ಮಗು ಇರೋ ಕಾರು, ಸುಮ್ನೆ ನೋಡಿ ಬಿಡ್ತಾರೆ ಅಂತಾರೆ. ಅಪ್ಪನ ಮುಂದೆ ನಿಂತು ಹೇಳೋದಕ್ಕಿಂತ ಅದೇ ವಾಸಿಯಂತೆ."

ಅವಳು ಅಳಲಿಲ್ಲ. ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಡ್ರೈಯರಿಗೆ ತುಂಬಿದಳು, ಕಾಲುಚೀಲಗಳನ್ನು ಜೋಡಿ ಮಾಡಿ. ಡ್ರೈಯರಿಗೆ ಯಾರಾದರೂ ಜೋಡಿ ಮಾಡಿ ಹಾಕುತ್ತಾರೆಯೇ!

ಶುಕ್ರವಾರ ಊಟದ ಹೊತ್ತಿಗೆ ಎಲ್ಲರೂ ಸೇರಿದ್ದರು. ಪಾರ್ಕಿನ ಜಗಳ ಹುಳಿಯನ್ನಕ್ಕೇ ಶುರುವಾಯಿತು. ನಾದಿನಿಗೆ ಶಿಕಾಗೋದ ಉತ್ತರಕ್ಕಿರುವ ಪಾರ್ಕು ಆಗಬೇಕಿತ್ತು. ವಾಪಸ್ ಹೋಗುವ ದಾರಿಯಲ್ಲೇ ಮುಗಿಯುತ್ತದಲ್ಲ. ಅವಳ ಹುಡುಗರಿಗೆ ಓಹಾಯೋದಲ್ಲಿ ಸರೋವರದ ದಂಡೆಗಿರುವ ರೋಲರ್ ಕೋಸ್ಟರ್ ಪಾರ್ಕು. ಯಜಮಾನರಿಗೆ ಕೆನಡಾ. ಅತ್ತೆಗೆ ಪಾರ್ಕು ಯಾವುದಾದರೇನು, ಗಡಿಯಾಚೆಯ ದೊಡ್ಡ ಜಲಪಾತ ತೋರಿಸಿದರೆ ಸಾಕಿತ್ತು, ಹಾಗಾಗಿ ಕೆನಡಾ.

"ಅಕ್ಕನ ಪಾರ್ಕಲ್ಲಿ ಲೈನಲ್ಲಿ ನಿಂತು ನಿಂತೇ ಕೂದಲು ಬೆಳ್ಳಗಾಗತ್ತೆ" ಎಂದರು ಯಜಮಾನರು.

"ನಿಂಗೆ ಬೆಳ್ಳಗಾಗಕ್ಕೆ ಎಲ್ಲಿದೆಯೋ ಕೂದಲು?" ಎಂದಳು ಅವರಕ್ಕ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೈದುನ. "ನಂಗೆ ಎಲ್ಲಾದ್ರೂ ಸೈ. ಕೆನಡಾನಾ, ಕೆನಡಾ" ಎಂದ. ಓರಗಿತ್ತಿ ಮಗುವಿಗೆ ತುತ್ತು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡಿದ್ದಳು.

ಮೊಸರನ್ನಕ್ಕೂ ಇತ್ಯರ್ಥವಾಗದಿದ್ದಾಗ ಅತ್ತೆ ಹೇಳಿದರು: "ಸುಮ್ನೆ ಕಿತ್ತಾಡ್ಬೇಡಿ. ದೇವ್ರ ಮುಂದೆ ಚೀಟಿ ಹಾಕಿ. ಮಗು ಎತ್ಲಿ."

ನಮ್ಮ ಮನೆಯಲ್ಲಿ ಇದು ಆಟದ ಮಾತಲ್ಲ. ನನ್ನ ಮಗಳ ಹೆಸರನ್ನು ಚೀಟಿ ಎತ್ತಿಯೇ ಇಟ್ಟದ್ದು. ಈ ಮನೆಯನ್ನೂ ಹಾಗೇ ಕೊಂಡದ್ದು. ಚೀಟಿ ಬರೆಯುವುದು ಯಾವಾಗಲೂ ನಾನೇ. ಬರೆದು, ಒಂದೇ ಥರ ಮಡಿಸಿ, ಬೆಳ್ಳಿ ಬಟ್ಟಲಿನಲ್ಲಿಟ್ಟು, ದೇವರ ಮುಂದೆ ಒಂದು ಗಳಿಗೆ ಬಿಟ್ಟು, ಆಮೇಲೆ ಮನೆಯ ಚಿಕ್ಕ ಮಗುವಿನ ಕೈಯಲ್ಲಿ ಎತ್ತಿಸುವುದು. ಬಂದದ್ದಕ್ಕೆ ಎದುರು ಮಾತಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಿದೆ. ಮೊದಲನೆಯದರಲ್ಲಿ ಶಿಕಾಗೋ ಎಂದು ಬರೆದೆ. ಎರಡನೆಯದರಲ್ಲಿ ಓಹಾಯೋ. ಮೂರನೆಯದರ ಮೇಲೆ ಪೆನ್ನು ಇಟ್ಟೆ. ಓಹಾಯೋ ಎಂದೇ ಬರೆದೆ.

ಬೇರೆಯವರಿಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ನಲವತ್ತು ವರ್ಷ ನಾನು ಯಾವನ ಮಾತು ಕೇಳಿ ಬದುಕಿದ್ದೆನೋ ಅವನ ಬಾಯಿಗೆ ನಾನೇ ಮಾತು ತುರುಕಿದ್ದೆ. ಬಟ್ಟಲನ್ನು ಮುಂದಿಟ್ಟು ನಮಸ್ಕಾರ ಮಾಡಿದಾಗ ದೀಪ ಹೊಯ್ದಾಡಿತು. ಏಸಿಯ ಗಾಳಿ ಎಂದು ನನಗೆ ಗೊತ್ತಿತ್ತು. ಆದರೂ ತಲೆ ಎತ್ತಲು ಧೈರ್ಯವಾಗಲಿಲ್ಲ.

ಮಗು ಎತ್ತಿತು. ಮಾವ ಬಿಡಿಸಿ ಓದಿದರು: "ಓಹಾಯೋ."

ಹುಡುಗರು "ಯೆಸ್!" ಎಂದು ಕುಣಿದರು. ಮೈದುನನ ಭುಜ ಒಂದಂಗುಲ ಕೆಳಗಿಳಿದದ್ದನ್ನು ನಾನು ಕಂಡೆ. ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ನಾದಿನಿಯ ಗಂಡ ಹುಬ್ಬಳ್ಳಿಯವರು, ಯಾರಿಗೂ ಬೇಸರವಾಗಬಾರದು ಅವರಿಗೆ. "ಮಾರಿ ಯಾಕ ಸಣ್ಣ ಮಾಡ್ತೀರಿ? ದೇವ್ರು ಶನಿವಾರದ್ದು ಹೇಳ್ಯಾನ. ರವಿವಾರ ಕೆನಡಾಕ್ಕ ಹೋಗೂಣು. ಎರಡೂ ಆತಲ್ಲ!" ಎಂದರು.

ಯಜಮಾನರ ಮುಖ ಅರಳಿತು. ಅತ್ತೆ ಕೈಮುಗಿದರು. ಮೈದುನ "ಸೂಪರ್ ಐಡಿಯಾ" ಎಂದ. ನಾನು ಮಾಡಿದ ಪಾಪ ನನಗೇ ಉಳಿಯಿತು, ಕೆನಡಾ ಹಾಗೇ ಇತ್ತು.

ಶನಿವಾರ ಬೆಳಗಿನ ಜಾವ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಮಾವ ಹಿತ್ತಲಿನ ಡೆಕ್ಕಿನಿಂದ ಕರೆದರು. ದೇವರ ಮುಂದಿಟ್ಟ ಚೀಟಿಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ತುಳಸಿಯ ಕುಂಡದ ಮಣ್ಣಿಗೆ ಸೇರಿಸಲೆಂದು ಅವರೇ ತೆಗೆದುಕೊಂಡು ಹೋಗಿದ್ದರು. ಹಾಕುವ ಮುಂಚೆ ಬಿಡಿಸಿ ನೋಡಿದ್ದರು.

"ಶಿಕಾಗೋ ಒಂದು. ಓಹಾಯೋ ಎರಡು" ಎಂದರು. "ಕೆನಡಾ ಎಲ್ಲಮ್ಮ?"

ನಿಜ ಹೇಳಿದರೆ ಆಣೆ ಮುರಿಯುತ್ತದೆ, ಕೈತಪ್ಪು ಎಂದರೆ ಇನ್ನೊಂದು ಸುಳ್ಳು.

"ಹೇಳ್ಬೇಡ ಬಿಡು. ನೀನು ಕಾರಣ ಇಲ್ದೆ ಇಂಥದ್ದು ಮಾಡೋಳಲ್ಲ."

ಮಾವ ರಿಟೈರಾಗುವ ಮುಂಚೆ ತೆರಿಗೆ ಇಲಾಖೆಯವರು. ರಾಜ್ಯದ ಗಡಿಯ ಚೆಕ್‌ಪೋಸ್ಟಿನಲ್ಲಿ ಹದಿನೆಂಟು ವರ್ಷ ಲಾರಿಗಳನ್ನು ನಿಲ್ಲಿಸಿ ಕಾಗದ ನೋಡಿದವರು. ಚೀಟಿಗಳನ್ನು ಮಣ್ಣಿಗೆ ಒತ್ತುತ್ತ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಕಾಗ್ದ ಸರಿ ಇಲ್ದೋನು ನಾವು ಕೇಳೋಕೆ ಮುಂಚೇನೇ ನಗ್ತಿದ್ದ. ನಮ್ಮ ಚಿಕ್ಕೋನು ಬುಧವಾರದಿಂದ ನಗ್ತಾನೇ ಇದಾನೆ. ಹೋದ್ಸಲ ಊಟಕ್ಕೆ ಕೂತ್ರೂ ತೊಡೆ ಮೇಲೆ ಲ್ಯಾಪ್‌ಟಾಪು. ಈ ಸಲ ತಂದೇ ಇಲ್ಲ."

ನಾನು ಒಳಗೆ ಬಂದೆ. ಸಾಸಿವೆ ಸೀದಿತ್ತು.

ಓಹಾಯೋದ ಪಾರ್ಕಿನಲ್ಲಿ ನಾನು ಯಾವ ಸವಾರಿಯನ್ನೂ ಹತ್ತಲಿಲ್ಲ. ಅತ್ತೆ ಮಾವನ ಜೊತೆ ಬೆಂಚಿನ ಮೇಲೆ ಕೂತು, ಮೇಲೆ ಹೋದವರು ಕೆಳಗೆ ಬಂದಾಗಲೆಲ್ಲ ಎಣಿಸಿದೆ. ದೇವರು ಲೆಕ್ಕ ತೀರಿಸುವುದಾದರೆ ಇಲ್ಲೇ ಎಂದು ಮನಸ್ಸು ಹೇಳುತ್ತಿತ್ತು. ಮಧ್ಯಾಹ್ನ ಸರೋವರದ ಮೇಲೆ ಕಪ್ಪು ಮೋಡ ಎದ್ದು, ಸಿಡಿಲಿನ ಭಯಕ್ಕೆ ಒಂದೊಂದೇ ಸವಾರಿ ನಿಲ್ಲಿಸಿದರು. ಜನರ ಕಿರುಚಾಟವೂ ಒಂದೊಂದಾಗಿ ನಿಂತಿತು. ಅಷ್ಟು ದೊಡ್ಡ ಜಾಗ ಸುಮ್ಮನಾದರೆ ಸಹಿಸುವುದಕ್ಕಾಗುವುದಿಲ್ಲ. ಮಳೆ ಬರುವ ಮುಂಚೆ ಎಲ್ಲರೂ ಒದ್ದೆಯಾಗದೆ ಬೆಂಚಿಗೆ ಬಂದರು. ಹದಿಮೂರೂ ಇತ್ತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಮುಂದೆ ನಾದಿನಿಯ ವ್ಯಾನು, ಹಿಂದೆ ನಮ್ಮದು, ಕೊನೆಗೆ ಮೈದುನನ ಕಾರು. ಮಾವ ನಮ್ಮ ವ್ಯಾನಿನಲ್ಲಿ ಕೂರಬೇಕಿತ್ತು. "ಚಿಕ್ಕವನ ಕಾರಲ್ಲಿ ಬರ್ತೀನಿ" ಎಂದು ಹೋಗಿ ಅವನ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡರು. ನಾನು ದಾರಿಯುದ್ದಕ್ಕೂ ಪಕ್ಕದ ಕನ್ನಡಿಯಲ್ಲಿ ಆ ಕಾರನ್ನೇ ನೋಡುತ್ತಿದ್ದೆ.

ಸೇತುವೆ ಹತ್ತಿರ ಬಂದಂತೆ ಫಲಕಗಳು ಬಂದವು. ಇದೇ ಕೊನೆಯ ಎಕ್ಸಿಟ್, ಆಮೇಲೆ ತಿರುಗಲು ಜಾಗವಿಲ್ಲ. ನಮ್ಮ ವ್ಯಾನು ಅದನ್ನು ದಾಟಿತು. ಕನ್ನಡಿಯಲ್ಲಿ ಮೈದುನನ ಕಾರಿನ ದೀಪ ಮಿಣುಕತೊಡಗಿತು. ಕಾರು ನಿಧಾನವಾಯಿತು, ಬಲಕ್ಕೆ ಹೊರಳಿತು, ಕಾಣದಾಯಿತು.

"ಇವ್ನು ಎಲ್ಲಿ ಹೋದ?" ಎಂದರು ಯಜಮಾನರು.

ಫೋನು ಬಂತು. ಓರಗಿತ್ತಿ. "ಅಕ್ಕಾ, ನಾವು ಬರ್ತಿಲ್ಲ. ಮಾವ ಕೇಳ್ಬಿಟ್ರು."

ಆ ಕಾರಿನಲ್ಲಿ ಏನಾಯಿತೆಂದು ಅವಳೇ ಆಮೇಲೆ ಹೇಳಿದ್ದು. ಸೇತುವೆಯ ಕಂಬಗಳು ಕಂಡಾಗ ಮಾವ ಮಗನ ಕಡೆ ತಿರುಗಿ ಕೂತು ಹೇಳಿದರಂತೆ: "ಅಲ್ಲಿ ಕೇಳ್ತಾರಲ್ಲ, ಅದನ್ನ ಒಂದ್ಸಲ ನಂಗೆ ಹೇಳು, ಅಭ್ಯಾಸ ಆಗ್ಲಿ. ನಾನೇ ಆಫೀಸರು. ಎಲ್ಲಿ ಕೆಲ್ಸ ಮಾಡ್ತಿದೀಯಪ್ಪ ನೀನು?"

ಅವನು ನಗಲು ನೋಡಿದನಂತೆ. ಮಾವ ಇನ್ನೊಂದು ಸಲ ಕೇಳಿದರು, ದನಿ ಏರಿಸದೆ. ಅವನು ಕಾರಿನ ಸಿಗ್ನಲ್ ಹಾಕಿದ.

ನಮಗೂ ಮುಂದಿದ್ದ ನಾದಿನಿಯ ವ್ಯಾನಿಗೂ ಹಿಂದಿರುಗಲು ದಾರಿ ಇರಲಿಲ್ಲ. ಸೇತುವೆ ದಾಟಿ, ಕೆನಡಾದವರಿಗೆ ಕಾರಣ ಹೇಳಿ, ಸುತ್ತು ಹಾಕಿ ಮತ್ತೆ ಈ ಕಡೆಗೆ ಬಂದೆವು. ಕೆಳಗೆ ನದಿ ಸೀಸದ ಬಣ್ಣಕ್ಕಿತ್ತು. ಅಷ್ಟರಲ್ಲಿ ನಾನು ಯಜಮಾನರಿಗೆ ಎಲ್ಲ ಹೇಳಿದ್ದೆ. ಇನ್ನು ಆ ಆಣೆಗೆ ಕಾಯುವುದೇನೂ ಉಳಿದಿರಲಿಲ್ಲ. ಅವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, "ನಾನೇ ತಳ್ಕೊಂಡು ಹೋಗ್ತಿದ್ನಲ್ಲೇ ಅವ್ನನ್ನ" ಎಂದರು. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಮೆರಿಕದ ಬೂತಿನಲ್ಲಿ ಅಧಿಕಾರಿ ಇವರಿಗೆ ಕೇಳಿದ ಎರಡನೆಯ ಪ್ರಶ್ನೆಯೇ ಅದು: ಎಲ್ಲಿ ಕೆಲಸ? ಇವರು ಕಾರು ಕಂಪನಿಯ ಹೆಸರು ಹೇಳಿದರು. "ಇನ್ನೂ ಇದೆಯಾ ಆ ಕೆಲಸ?" ಎಂದು ಅವನು ಇಂಗ್ಲಿಷಿನಲ್ಲಿ ತಮಾಷೆ ಮಾಡಿದ. ಇವರೂ ನಕ್ಕರು.

ಮೈದುನ ಕಾರನ್ನು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದ್ದ. ತಂದೆ ಮಗ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತಿದ್ದರು. ಅವನ ಕಣ್ಣು ಕೆಂಪಾಗಿತ್ತು. ನಾಲ್ಕು ದಿನಗಳಲ್ಲಿ ಮೊದಲ ಸಲ ನಗದೇ ಇದ್ದ.

"ಆರು ವಾರ ಒಬ್ನೇ ಹೊತ್ತಿದಾನೆ, ಬಡ್ಡೀಮಗ" ಎಂದರು ಮಾವ. ಅದೇ ಅವರು ಬೈದದ್ದು.

ಬುಧವಾರದ ಇಂಟರ್‌ವ್ಯೂ ನಮ್ಮ ಬೇಸ್‌ಮೆಂಟಿನಲ್ಲೇ ನಡೆಯಿತು. ಮಾವ ಮೆಟ್ಟಿಲ ಮೇಲೆ ಕೂತು, ಮಕ್ಕಳು ಇಳಿಯದಂತೆ ಕಾದರು. ನಾನು ಮೇಲೆ ಸಹಸ್ರನಾಮ ಹೇಳಿಕೊಂಡೆ, ಮಧ್ಯೆ ಎರಡು ಸಲ ತಪ್ಪಿ ಮೊದಲಿನಿಂದ ಹಿಡಿದೆ. ಎಂಟು ದಿನದ ಮೇಲೆ ಉತ್ತರ ಬಂತು: ಸದ್ಯಕ್ಕೆ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ.

ಆಗಸ್ಟಿನಲ್ಲಿ ಅವರು ಲೊಂಬಾರ್ಡಿನ ಅಪಾರ್ಟ್‌ಮೆಂಟು ಖಾಲಿ ಮಾಡಿದರು. ಓರಗಿತ್ತಿಗೆ ತನ್ನ ಪಾತ್ರೆಗಳನ್ನು ತಾನೇ ಕಾಗದ ಸುತ್ತಿ ಕಟ್ಟಲು ಸಮಯ ಸಿಕ್ಕಿತು. ಮಗು ಶಾಲೆಯ ಗೆಳತಿಯರಿಗೆ ಟಾಟಾ ಹೇಳಿ ಬಂತು. ಮಾವ ತಮ್ಮ ಆರು ತಿಂಗಳನ್ನು ಅರ್ಧಕ್ಕೇ ಮೊಟಕುಮಾಡಿ, ಚಿಕ್ಕ ಮಗ ಊರಿನಲ್ಲಿ ಒಬ್ಬನೇ ಹೋಗಿ ಇಳಿಯಬಾರದೆಂದು ಅತ್ತೆಯನ್ನೂ ಕರೆದುಕೊಂಡು ಅದೇ ವಿಮಾನ ಹತ್ತಿದರು. ಶಿಕಾಗೋದ ವಿಮಾನ ನಿಲ್ದಾಣದಲ್ಲಿ ನಾನು ಅವರ ಚೀಲಗಳನ್ನು ಎಣಿಸುತ್ತ ನಿಂತಿದ್ದೆ. ಹೋದರು, ನಿಜ. ಆದರೆ ಸೇತುವೆಯ ಮೇಲೆ, ಮಗುವಿನ ಎದುರಿಗೆ, ಮನೆಯಲ್ಲಿ ಅಕ್ಕಿ ನೆನೆಸಿಟ್ಟ ಹಾಗೇ ಬಿಟ್ಟು ಹೋಗಲಿಲ್ಲ. ಟಿಕೆಟು ಕೈಯಲ್ಲಿ ಹಿಡಿದು ತಾವಾಗಿ ಹೊರಟರು. ಯಾರೂ ಅವರನ್ನು ಕಳಿಸಲಿಲ್ಲ.