ಪೋಸ್ಟರಿನ ಮುಖ

ಬೆಲ್ವ್ಯೂ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆಯವರು ಪಶ್ಚಿಮ ಆಫ್ರಿಕಾದವರು. ಅಲ್ಲಿ ಎರಡು ಸಲ ಸಂಸತ್ ಸದಸ್ಯೆಯಾಗಿದ್ದವರು ಯುದ್ಧದಲ್ಲಿ ದೇಶ ಬಿಟ್ಟು, ನಮ್ಮ ಹಾಗೇ ಈ ಪರದೇಶಕ್ಕೆ ಬಂದು, ಇಲ್ಲಿ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಿದ್ದರು. ಯಾವ ಮಾತಿನ ಕೊನೆಗೂ, ಇನ್ನೂ ಸದನದಲ್ಲಿರುವಂತೆ, “ಬರ್ಕೊಳ್ಳಿ” ಎನ್ನುತ್ತಿದ್ದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಾಗುವುದು ಕನ್ನಡದಲ್ಲಿ.

೨೦೦೫ ಇರಬೇಕು, ಅವರ ದೇಶದಲ್ಲಿ ಮತ್ತೆ ಚುನಾವಣೆ ಬಂತು. ನಮ್ಮ ಅಡುಗೆಮನೆಯಲ್ಲಿ ಅವರು ಬೆಂಡೆಕಾಯಿ ಹೆಚ್ಚುತ್ತಿದ್ದಾಗ ಅವರ ಹಳೆಯ ಪಕ್ಷದವರ ಫೋನು ಬಂತು. ನನಗೂ ಕೇಳಲೆಂದು ಸ್ಪೀಕರ್ ಹಾಕಿದರು.

“ಪೋಸ್ಟರಲ್ಲಿ ತೀರಿಹೋದ ನಿಮ್ಮ ಯಜಮಾನರ ಫೋಟೋ ದೊಡ್ಡದಾಗಿರ್ಲಿ, ಮೇಡಂ. ನಿಮ್ದು ಪಕ್ಕದಲ್ಲಿ ಚಿಕ್ಕದು. ಇಲ್ಲಾಂದ್ರೆ ಟಿಕೆಟ್ ಇಲ್ಲ.”

“ಭಾಷಣಕ್ಕೂ ಅವರೇ ಸಮಾಧಿಯಿಂದ ಎದ್ದು ಬರ್ತಾರಾ? ನಿಮ್ಮ ಟಿಕೆಟ್ ಬೇಡ. ಇಂಡಿಪೆಂಡೆಂಟಾಗಿ ನಿಲ್ತೀನಿ. ಬರ್ಕೊಳ್ಳಿ.”

ಮೇಜು ಗುದ್ದಿದರು ಎಂದು ಬರೆಯಲು ಆಸೆ. ಗುದ್ದಲಿಲ್ಲ, ಉಳಿದ ಬೆಂಡೆಕಾಯಿ ಹೆಚ್ಚಿ ಮುಗಿಸಿದರು. ಆಮೇಲೆ ಕೈ ಒರೆಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತರು.

“ಕ್ಯಾಮೆರಾ ತಗೊಂಡ್ ಬಾಮ್ಮ.”

“ಕಣ್ಣ ಕೆಳಗೆ ಊದಿಕೊಂಡಿದೆ, ಆಂಟಿ. ಕಂಪ್ಯೂಟರಲ್ಲಿ ಸರಿ ಮಾಡ್ಲಾ?”

“ಡಬಲ್ ಶಿಫ್ಟ್ ಮಾಡಿದ ಕಣ್ಣು ಅದು. ಮುಟ್ಟಿದ್ರೆ ನಿನಗೆ ಊಟ ಇಲ್ಲ,” ಎಂದರು, ನನ್ನದೇ ಅಡುಗೆಮನೆಯಲ್ಲಿ.

ಐದು ಫೋಟೋ ತೆಗೆದೆ. ಎಲ್ಲಕ್ಕಿಂತ ಸುಸ್ತಾಗಿ ಕಂಡದ್ದನ್ನೇ ಆರಿಸಿ, ಪೋಸ್ಟರಿನ ತುಂಬ ಅದೊಂದೇ ಇರಲಿ ಎಂದರು.